ಎರಡು ಬಾಗಿಲಿನ ಮಾಂಟೆ ಕಾರ್ಲೊ

ನಮ್ಮ ಮನೆಯ ಗಾಡಿಯ ವಿಷಯದಲ್ಲಿ ಬನಹಟ್ಟಿಯ ಜನ ಹೇಳುವುದನ್ನೆಲ್ಲ ನಂಬಬೇಡಿ. ಅದು ಯಾವುದೋ ಸಂಸ್ಥಾನದವರದು ಅನ್ನುವವರಿದ್ದಾರೆ, ಸಿನಿಮಾ ನಟನೊಬ್ಬ ಮಾರಿದ್ದು ಅನ್ನುವವರಿದ್ದಾರೆ. ಮಾಂಟೆ ಕಾರ್ಲೊ ಎಂಬ ಹೆಸರು ಕೇಳಿ, ಸ್ವೆಟರ್ ಕಂಪನಿಯವರು ಕಾರನ್ನೂ ಮಾಡುತ್ತಾರೇನು ಎಂದು ನನ್ನ ಗಂಡನ ಹತ್ತಿರ ವಿಚಾರಿಸಿದ ಮಹಾನುಭಾವರೂ ಇದ್ದಾರೆ. ನಾನು ಮಂಗಲಾ, ಪಾವರ್‌ಲೂಮಿನ ಮಹಾಲಿಂಗಪ್ಪನವರ ಸೊಸೆ, ಆ ಗಾಡಿಯನ್ನು ವರ್ಷಗಟ್ಟಲೆ ಓಡಿಸಿದವಳು. ಅದರ ಚರಿತ್ರೆ ಹೇಳುವ ಹಕ್ಕು ಈ ಊರಿನಲ್ಲಿ ಯಾರಿಗಾದರೂ ಇದ್ದರೆ ಅದು ನನಗೆ.

ಚರಿತ್ರೆ ಶುರುವಾಗುವುದು ಅಮೆರಿಕದಲ್ಲಿ. ಷೆವರ್ಲೆ ಕಂಪನಿಯವರು 1970ರಲ್ಲಿ ಮಾಂಟೆ ಕಾರ್ಲೊ ಎಂಬ ಮಾದರಿ ಹೊರಡಿಸಿದರು. ಯುರೋಪಿನ ಕಡಲ ದಂಡೆಯಲ್ಲಿ ಶ್ರೀಮಂತರು ಜೂಜಾಡುವ ಊರೊಂದಿದೆಯಂತೆ, ಅದರ ಹೆಸರು. ಆಗ ಅಮೆರಿಕದಲ್ಲಿ ಇಂಥ ಗಾಡಿಗಳ ಒಂದು ಪಂಗಡವೇ ಇತ್ತು. ಅವರ ಲೆಕ್ಕದಲ್ಲಿ ಅವು ಮಧ್ಯಮ ಗಾತ್ರ. ನಮ್ಮ ಲೆಕ್ಕದಲ್ಲಿ ಒಂದು ಓಣಿಯ ಬಾಯಿ ಮುಚ್ಚುವಷ್ಟು ಉದ್ದ. ಮೂತಿ ನೀಳ, ಬಾಗಿಲು ಎರಡೇ, ಒಳಗೆ ಕುಂತರೆ ಎದ್ದು ಬರಲು ಮನಸ್ಸಾಗದಷ್ಟು ಮೆತ್ತನೆಯ ಸೀಟು. ಅತ್ತೆ, ಮಾವ, ಮಕ್ಕಳು ಎಲ್ಲರನ್ನೂ ತುರುಕಿಕೊಂಡು ಮದುವೆಗೆ ಹೋಗಲು ಮಾಡಿದ ಗಾಡಿಯಲ್ಲ ಅದು. ದುಡಿದು ದಣಿದವನು ಬರೀ ತನ್ನ ಖುಷಿಗೆಂದು ಕೊಳ್ಳುವಂಥದ್ದು. ಅಂಥದ್ದೊಂದು ಆಸೆಯನ್ನು ಮುಚ್ಚುಮರೆಯಿಲ್ಲದೆ ಮಾರಿದರಲ್ಲ, ಆ ಧೈರ್ಯ ನನಗೆ ಬಲು ಇಷ್ಟ.

1973ರಲ್ಲಿ ಅದಕ್ಕೆ ಹೊಸ ಮೈ ಬಂತು. ಚಕ್ರದ ಮೇಲಿನ ತಗಡು ಅಲೆಯ ಹಾಗೆ ಉಬ್ಬಿತು, ಹಿಂದೆ ಕುಂತವರಿಗೆ ತೆರೆಯಲು ಬಾರದ ಪುಟ್ಟ ಕಿಟಕಿ ಬಂತು. ಜೊತೆಗೆ ಬೇಕೆಂದವರಿಗೆ ಒಂದು ವಿಶೇಷ ಕೊಟ್ಟರು. ಬಾಗಿಲು ತೆರೆದು ಸೀಟಿನ ಪಕ್ಕದ ಹಿಡಿಕೆ ಎತ್ತಿದರೆ ಮುಂದಿನ ಕುರ್ಚಿ ಇಡಿಯಾಗಿ ಬಾಗಿಲ ಕಡೆ ತಿರುಗುತ್ತಿತ್ತು. ಬಗ್ಗಬೇಕಿಲ್ಲ, ನುಸುಳಬೇಕಿಲ್ಲ. ಮನೆಯ ಕಟ್ಟೆಯ ಮೇಲೆ ಕುಂತ ಹಾಗೆ ಕುಂತು, ಕಾಲೆತ್ತಿ ಒಳಗೆ ತಿರುಗಿದರೆ ಆಯಿತು. ನಮ್ಮದು ಆ ವರ್ಷದ ಗಾಡಿ, ಆ ಕುರ್ಚಿಯದ್ದು.

ಮುಂದಿನದನ್ನೂ ಹೇಳಿಬಿಡುತ್ತೇನೆ. ಪೆಟ್ರೋಲು ತುಟ್ಟಿಯಾದದ್ದೇ ತಡ, 1978ರಲ್ಲಿ ಕಂಪನಿಯವರು ಗಾಡಿಯನ್ನು ಕುಗ್ಗಿಸಿದರು. ತಿರುಗುವ ಕುರ್ಚಿ ಹೋಯಿತು. 1988ರಲ್ಲಿ ಮಾಡುವುದನ್ನೇ ನಿಲ್ಲಿಸಿದರು, 1995ರಲ್ಲಿ ಅದೇ ಹೆಸರಿಟ್ಟು ಬೇರೊಂದು ಗಾಡಿ ತಂದರು, 2007ಕ್ಕೆ ಅದಕ್ಕೂ ಮಂಗಳ ಹಾಡಿದರು. ಆ ಕೊನೆಯ ಮಾದರಿಯ ಚಿತ್ರವನ್ನು ನಾನು ಕಂಪ್ಯೂಟರಿನಲ್ಲಿ ನೋಡಿದ್ದೇನೆ. ನಮ್ಮ ಗಾಡಿಗೆ ಅದನ್ನು ತೋರಿಸಿದ್ದರೆ ತನ್ನ ವಂಶದ್ದೆಂದು ಒಪ್ಪುತ್ತಿರಲಿಲ್ಲ.

ಇಂಥ ಗಾಡಿ ಬನಹಟ್ಟಿಯ ನೇಕಾರರ ಮನೆಗೆ ಬಂದದ್ದು ನಮ್ಮ ಮಾವನವರ ಹೆಂಡತಿಯ ಮೇಲಿನ ಪ್ರೀತಿಯಿಂದ. ಇದನ್ನು ಅವರು ಬಾಯಿಬಿಟ್ಟು ಒಪ್ಪುವವರಲ್ಲ. ಆದರೆ ನನಗೆ ಗೊತ್ತು.

ನಮ್ಮ ಕಡೆ ಮಗಳು ತವರಿಗೆ ಬಂದು ಹೋಗುವಾಗ ಉಡಿ ತುಂಬುತ್ತಾರೆ. ಸೀರೆಯ ಸೆರಗನ್ನು ಮಡಿಲಲ್ಲಿ ಹರಡಿ, ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ರವಿಕೆಯ ಒಂದು ಖಣ ಹಾಕುತ್ತಾರೆ. ಅದನ್ನು ಎರಡೂ ಕೈಯಲ್ಲಿ ಅವಚಿಕೊಂಡು ಗಂಡನ ಮನೆಗೆ ಬಂದು, ದೇವರ ಜಗಲಿಯ ಮುಂದೆಯೇ ಬಿಚ್ಚಬೇಕು. ದಾರಿಯಲ್ಲಿ ಇಳಿಸುವಂತಿಲ್ಲ, ಚೆಲ್ಲುವಂತಿಲ್ಲ. ನಮ್ಮ ಅತ್ತೆ ಬೋರವ್ವ ಹೊಸ ಮದುಮಗಳಾಗಿದ್ದಾಗ ಬೀಳಗಿ ತಾಲೂಕಿನ ತವರಿನಿಂದ ಉಡಿ ತುಂಬಿಸಿಕೊಂಡು ಬರುತ್ತಿದ್ದಳು. ಜಮಖಂಡಿಯಲ್ಲಿ ಬಸ್ಸು ಬದಲಿಸುವಾಗ ಮೆಟ್ಟಿಲ ಮೇಲೆ ಯಾರದೋ ಮೊಣಕೈ ತಾಗಿ ಅಕ್ಕಿಯೆಲ್ಲ ಚೆಲ್ಲಿತು. ಜನ ಅದರ ಮೇಲೆಯೇ ತುಳಿದುಕೊಂಡು ಹತ್ತಿದರು. ಬನಹಟ್ಟಿ ಬರುವವರೆಗೂ ಅವಳ ಕಣ್ಣೀರು ನಿಲ್ಲಲಿಲ್ಲ. ಪಕ್ಕದಲ್ಲಿ ಕುಂತಿದ್ದ ಮಾವನವರು ಅದನ್ನು ನೋಡುತ್ತಲೇ ಬಂದರು.

ಎಷ್ಟೋ ವರ್ಷದ ಮೇಲೆ, 1981ರಲ್ಲಿ, ಸೀರೆ ಮಾರಲು ಮುಂಬಯಿಗೆ ಹೋಗಿದ್ದರು. ಪರದೇಶದ ಸಾಹೇಬರು ಬಿಟ್ಟುಹೋದ ಕಾರುಗಳ ಹರಾಜು ನಡೆದಿದೆ, ನೋಡೋಣ ಬನ್ನಿ ಎಂದು ಪರಿಚಯದ ವ್ಯಾಪಾರಿ ಕರೆದೊಯ್ದ. ಅಲ್ಲಿ ಒಬ್ಬ ಈ ಗಾಡಿಯ ಕುರ್ಚಿಯನ್ನು ಹೊರಕ್ಕೆ ತಿರುಗಿಸಿ ತೋರಿಸಿದ. ಮಾವನವರು ಮತ್ತೇನನ್ನೂ ನೋಡಲಿಲ್ಲ. ಗಾಡಿ ಓಡಿಸಲು ಬರುತ್ತದೆಯೋ ಇಲ್ಲವೋ ಎಂಬ ಯೋಚನೆಯೂ ಬರಲಿಲ್ಲ.

ಊರಿಗೆ ತರಲು ಹಿಡಿದ ಡ್ರೈವರ್ ಒಳಗೆ ಕುಂತು, ಕೆಳಗೆ ಬಗ್ಗಿ ನೋಡಿ, "ಶೇಟಜೀ, ಇದರ ಕ್ಲಚ್ ಯಾರೋ ಬಿಚ್ಚಕೊಂಡ ಹೋಗ್ಯಾರ್ರಿ" ಅಂದನಂತೆ. ಗೇರು ತಾನೇ ಬದಲಾಗುವ ಗಾಡಿಯನ್ನು ಅವನೂ ನೋಡಿರಲಿಲ್ಲ, ಇವರೂ ನೋಡಿರಲಿಲ್ಲ. ಮೂರನೆಯ ಪೆಡಲು ಕೊಡಿರಿ ಎಂದು ಮಾವನವರು ಹರಾಜಿನ ಕಚೇರಿಯಲ್ಲಿ ಊಟದ ಹೊತ್ತಿನವರೆಗೆ ಜಗಳ ಮಾಡಿದರು. ಇದನ್ನು ಅವರೇ ನಗುತ್ತಾ ಹೇಳುತ್ತಾರೆ.

ಮಾವನವರು ಹೇಗೋ ಓಡಿಸಲು ಕಲಿತರು, ಆ ವರ್ಷದ ನಾಗರ ಪಂಚಮಿಗೆ ಗಂಡ ಹೆಂಡತಿ ಗಾಡಿಯಲ್ಲಿ ತವರೂರಿಗೆ ಹೋದರು. ಊರ ಅಗಸಿಯ ಬಾಗಿಲಲ್ಲೇ ಗಾಡಿ ನಿಂತುಬಿಟ್ಟಿತು. ಒಳಗಿನ ಓಣಿಗಳು ಎತ್ತಿನ ಗಾಡಿಗಷ್ಟೇ ಸಾಲುವಂಥವು. ಊರಿಗೆ ಊರೇ ಬಂದು ಸುತ್ತ ನಿಂತಿತು. ಅತ್ತೆಯ ತಮ್ಮ ಶಿದ್ರಾಮಪ್ಪನಿಗೆ ಹೊಸದಾಗಿ ಮದುವೆಯಾಗಿತ್ತು. ಅವನ ಹೆಂಡತಿ ಮರೆವ್ವ ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ಬಂದವಳು ಗಾಡಿಯನ್ನು ಒಂದು ಸುತ್ತು ಹಾಕಿದಳು.

"ಯಾಕ್ರಿ ಅಣ್ಣಾರ, ಅರ್ಧಾ ಗಾಡಿ ಅಷ್ಟ ತಂದೀರಲ್ಲ? ಉಳಿದ ಎರಡ ಬಾಗಲಾ ಬರೂ ವರ್ಷೇನ್ರಿ?"

ಊರು ಹೋ ಎಂದು ನಕ್ಕಿತು. ಶಿದ್ರಾಮಪ್ಪನೂ ತಡೆಯಲಾರದೆ ನಕ್ಕ. ಮಾವನವರ ಮುಖ ಇಷ್ಟಾಯಿತು. ಅವರು ಯಾವ ಆಸೆಯಿಂದ ಆ ಗಾಡಿ ತಂದಿದ್ದರೆಂದು ಅತ್ತೆಗೆ ಮಾತ್ರ ಗೊತ್ತಿತ್ತು. ಹೊರಕ್ಕೆ ತಿರುಗಿಸಿದ್ದ ಕುರ್ಚಿಯನ್ನು ಅವಳು ಕಾಲಿನಿಂದಲೇ ನೆಲ ಒತ್ತಿ ಒಳಕ್ಕೆ ತಿರುಗಿಸಿಕೊಂಡಳು.

"ನನ್ನ ಗಂಡನ ಗಾಡಿಗೆ ನಕ್ಕವರ ಕೈಲೆ ನಾ ಉಡಿ ತುಂಬಸ್ಕೊಳ್ಳಾಕಿ ಅಲ್ಲ," ಅಂದಳು. "ಇದ ಗಾಡಿ ಯಾವತ್ತ ಮನಿ ಬಾಗಲತನಕ ಬಂದ ನಿಂದರತೈತಿ, ಅವತ್ತ ನಾ ಆ ಮನಿ ಮೆಟ್ಟತೇನಿ. ಅಲ್ಲೀಮಟಾ ಇಲ್ಲ."

ಆ ಓಣಿಗೆ ಆ ಗಾಡಿ ಹೋಗುವುದು ಯಾವ ಕಾಲಕ್ಕೂ ಆಗದ ಮಾತೆಂದು ಎಲ್ಲರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಸಿಟ್ಟಿನಲ್ಲಿ ಆಡಿದ ಮಾತು. ಆದರೆ ನಮ್ಮ ಅತ್ತೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ಕಂಡವರಿಲ್ಲ. ಶಿದ್ರಾಮಪ್ಪ ಪ್ರತಿ ಪಂಚಮಿಗೆ ಸೀರೆ ಕೊಬ್ಬರಿ ತಂದು ಕೊಟ್ಟು, ಉಂಡು ಹೋಗುತ್ತಿದ್ದ. ಅಕ್ಕ ಹೋಗುತ್ತಿರಲಿಲ್ಲ. ಮರೆವ್ವ ಬರುತ್ತಿರಲಿಲ್ಲ. ಇಪ್ಪತ್ತು ವರ್ಷ ನಮ್ಮ ಗಾಡಿ ಜಮಖಂಡಿ ಕೋರ್ಟಿಗೆ ಹೋಯಿತು, ಮಹಾಲಿಂಗಪುರದ ಪೇಟೆಗೆ ಹೋಯಿತು, ಊರವರ ಬಾಣಂತಿಯರನ್ನು ಆಸ್ಪತ್ರೆಗೆ ಮುಟ್ಟಿಸಿತು. ಯಾವುದಕ್ಕೆಂದು ತಂದಿದ್ದರೋ ಅದೊಂದನ್ನು ಬಿಟ್ಟು ಎಲ್ಲ ಮಾಡಿತು.

ನಾನು ಓಡಿಸಲು ಕಲಿತದ್ದು ಸೊಸೆಯಾಗಿ ಬಂದ ಎರಡನೆಯ ವರ್ಷ. ಅಮೆರಿಕದ ಗಾಡಿಗೆ ಸ್ಟೇರಿಂಗು ಎಡಕ್ಕಿರುತ್ತದೆ. ನನ್ನ ಗಂಡ ವೀರಣ್ಣನಿಗೆ ಅದರಲ್ಲಿ ಕುಂತರೆ ಕೈಕಾಲು ತಬ್ಬಿಬ್ಬಾಗುತ್ತಿದ್ದವು. ಒಂದು ಸಲ ಮಗ್ಗದ ಶೆಡ್ಡಿನ ಗೋಡೆ ಕೆಡವಿದ ಮೇಲೆ ಅವನು ಅದರ ಗೊಡವೆ ಬಿಟ್ಟ. "ಇಕಿಗೆ ಕಲಸ್ತೇನಿ, ಇಕಿಗೆ ಕೈಯಾಗ ಹದಾ ಐತಿ" ಎಂದು ಮಾವನವರು ನನ್ನನ್ನು ಕೂರಿಸಿದರು. ಬೇರೆ ಗಾಡಿ ಗೊತ್ತಿಲ್ಲದ ನನಗೆ ಅದು ಸಲೀಸಾಗಿ ಬಂತು. ಇವತ್ತಿಗೂ ಜಗತ್ತಿನ ಉಳಿದ ಗಾಡಿಗಳ ಸ್ಟೇರಿಂಗನ್ನೇ ತಪ್ಪು ಜಾಗದಲ್ಲಿ ಇಟ್ಟಿದ್ದಾರೆ ಅನ್ನಿಸುತ್ತದೆ.

ಒಂದೇ ತೊಡಕು. ಎಡಕ್ಕೆ ಕುಂತವಳಿಗೆ ಮುಂದಿನ ಲಾರಿಯನ್ನು ದಾಟುವಾಗ ಎದುರಿನ ರಸ್ತೆ ಕಾಣುವುದಿಲ್ಲ. ಬಲಗಡೆ ಕುಂತವರು ನೋಡಿ ಹೇಳಬೇಕು. ಆ ಕೆಲಸ ಅತ್ತೆಯದು. "ಹೊಡಿ" ಅಂದರೆ ಹೊಡೆಯಬೇಕು, "ತಡಿ" ಅಂದರೆ ತಡೆಯಬೇಕು. ಮನೆಯಲ್ಲಿ ನಾವಿಬ್ಬರೂ ಒಗ್ಗರಣೆಯ ಸಾಸಿವೆಗೂ ಜಗಳ ಮಾಡಿದವರೇ. ರಸ್ತೆಯಲ್ಲಿ ಮಾತ್ರ ಅವಳ ಕಣ್ಣು ನನ್ನ ಕೈ ಒಂದೇ ಮೈಯವಾಗುತ್ತಿದ್ದವು.

ಬಾಗಲಕೋಟೆ ಬೇರೆ ಜಿಲ್ಲೆಯಾಗಿ ನಾಲ್ಕೈದು ವರ್ಷ ಕಳೆದಿರಬೇಕು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ವರ್ಷ ವರ್ಷ ಮೇಲೇರಿ ಬೀಳಗಿ ತಾಲೂಕಿನ ಹೊಳೆದಂಡೆಯ ಊರುಗಳು ಒಂದೊಂದಾಗಿ ಎದ್ದು ಹೊರಟಿದ್ದವು. ಅತ್ತೆ ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡಿದ್ದಳು. ಮಿರಜಿನಲ್ಲಿ ಆಪರೇಷನ್ ಆಗಿ, ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕುವಂತಾಗಿತ್ತು. ಜೀಪು, ಬಸ್ಸು ಹತ್ತುವುದು ಮುಗಿದ ಕಥೆ. ಗಾಡಿಯೂ ಎರಡು ವರ್ಷದಿಂದ ಶೆಡ್ಡಿನ ಹಿಂದೆ ತಾಡಪತ್ರಿ ಹೊದ್ದು ಮಲಗಿತ್ತು.

ಮೇ ತಿಂಗಳ ಕೊನೆಗೆ ಶಿದ್ರಾಮಪ್ಪ ಬಂದ. ಪಂಚಮಿ ಇನ್ನೂ ದೂರವಿತ್ತು, ಕೈಯಲ್ಲಿ ಸೀರೆ ಇರಲಿಲ್ಲ. ಚಹಾ ಕುಡಿದು, ನೆಲ ನೋಡುತ್ತಾ ಹೇಳಿದ.

"ಯಕ್ಕಾ, ನಮ್ಮ ಊರ ಎದ್ದತಿ. ಮಳಿ ಹತ್ತೂದ್ರೊಳಗ ಖಾಲಿ ಮಾಡ್ರಿ ಅಂದಾರ. ತೊಲಿ, ಬಾಗಲಾ ಎಲ್ಲಾ ಬಿಚ್ಚಕೊಂಡ ಹೊಂಟೇವಿ. ಓಣ್ಯಾಗಿನ ಗ್ವಾಡಿ ಎಲ್ಲಾ ಬಿದ್ದಾವು." ನಗಲು ನೋಡಿದ. "ಈಗ ನಿನ್ನ ಗಾಡಿ ಬಾಗಲತನಕ ಬರತೈತಿ ನೋಡ."

ಅಷ್ಟು ಹೇಳಿ ಆ ದೊಡ್ಡ ಮನುಷ್ಯ ಹೆಗಲ ಮೇಲಿನ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅತ್ತೆ ಅಳಲಿಲ್ಲ. "ಮರೆವ್ವ ಏನಂತಾಳ?" ಎಂದು ಕೇಳಿದಳು.

"ನಿನ್ನ ಕರಕೊಂಡ ಬಾ ಅಂತ ನನ್ನ ಕಳಸಿದಾಕಿನ ಆಕಿ."

ತಮ್ಮ ಹೋದ ಮೇಲೆ ಅತ್ತೆ ನನ್ನನ್ನು ಕರೆದಳು. ಹಾಸಿಗೆಯ ಮೇಲೆ ಕುಂತಿದ್ದರೂ ಗತ್ತು ಏನೂ ಕಡಿಮೆಯಾಗಿರಲಿಲ್ಲ. "ಮಂಗಲಾ, ಗಾಡಿ ತಗಿ. ನಾ ಹುಟ್ಟಿದ ಮನ್ಯಾಗ ಒಮ್ಮೆ ಉಡಿ ತುಂಬಸ್ಕೊಂಡ ಬರತೇನಿ. ನೀರ ಬಂದಮ್ಯಾಲೆ ಯಾ ಮನಿ, ಯಾ ಉಡಿ?"

ನಾನು ಆಗುವುದಿಲ್ಲ ಅನ್ನುವ ಜಾತಿಯವಳಲ್ಲ. ಸಮೀರವಾಡಿ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ನನ್ನ ಅಣ್ಣ ಶಂಕರೆಪ್ಪನನ್ನು ಕರೆಸಿದೆ. ಅವನು ಕಾರ್ಬುರೇಟರ್ ಬಿಚ್ಚಿ ತೊಳೆದ, ಹೊಸ ಬ್ಯಾಟರಿ ಹಾಕಿದ. ಇಂಜಿನ್ ಮೊದಲು ಕೆಮ್ಮಿತು, ಆಮೇಲೆ ಇಡೀ ಓಣಿಯ ನಾಯಿಗಳನ್ನು ಎಬ್ಬಿಸಿ ಗರ್ಜಿಸಿತು. ತುಕ್ಕು ಹಿಡಿದಿದ್ದ ಕುರ್ಚಿಯ ತಿರುಗಣಿಗೆ ಮಗ್ಗದ ಎಣ್ಣೆ ಬಿಟ್ಟು ಸಡಿಲಿಸಿದವಳು ನಾನೇ. ಹರಿದ ಸೀಟಿಗೆ ನಮ್ಮ ಮಗ್ಗದಲ್ಲೇ ನೇಯ್ದ ದಪ್ಪ ಬಟ್ಟೆ ಹೊಲಿಸಿದೆವು. ಕೆಂಪು ಬಣ್ಣವೇ ಇರಬೇಕೆಂದು ಮಾವನವರು ಹಟ ಹಿಡಿದರು. ಜಮಖಂಡಿಯಲ್ಲಿ ಟ್ಯಾಂಕು ತುಂಬಿಸಿದಾಗ ಪೆಟ್ರೋಲ್ ಪಂಪಿನವನು ಕೈ ಮುಗಿದ.

ಜೂನ್ ಮೊದಲ ವಾರ, ಬೆಳಿಗ್ಗೆ, ಹೊರಟೆವು. ಮಾವನವರು ಧೋತರ ಎತ್ತಿ ಹಿಂದಿನ ಸೀಟಿಗೆ ನುಸುಳಿದರು. ಅತ್ತೆ ಹಸಿರು ಇಳಕಲ್ ಸೀರೆಯುಟ್ಟು ಹೊರಕ್ಕೆ ತಿರುಗಿದ ಕುರ್ಚಿಯಲ್ಲಿ ಕುಂತಳು. ನಾನು ಅವಳ ಕಾಲುಗಳನ್ನು ಎತ್ತಿ ಮೆಲ್ಲಗೆ ಒಳಗೆ ತಿರುಗಿಸಿದೆ. ಸೊಂಟಕ್ಕೆ ಒಂದಿಷ್ಟೂ ನೋವಾಗಲಿಲ್ಲ.

ಜಮಖಂಡಿ ದಾಟಿದ ಮೇಲೆ ರಸ್ತೆಯಲ್ಲಿ ಬರೀ ಮನೆಗಳೇ ಎದುರಾದವು. ತೊಲೆ, ಜಂತಿ, ಕಿಟಕಿ, ಬೀಸುವ ಕಲ್ಲು, ಕೋಳಿಬುಟ್ಟಿ ಹೇರಿಕೊಂಡ ಟ್ರ್ಯಾಕ್ಟರುಗಳು. ಒಂದರ ಮೇಲೆ ಇಡಿಯಾದ ತಲಬಾಗಿಲು ಮಲಗಿತ್ತು, ತೋರಣ ಇನ್ನೂ ಹಾಗೇ ಇತ್ತು. ಅತ್ತೆ "ತಡಿ", "ಹೊಡಿ" ಅನ್ನುತ್ತಾ ಬಂದವಳು ಬೀಳಗಿ ಹತ್ತಿರವಾದಂತೆ ಸುಮ್ಮನಾದಳು. ಅವಳ ತುಟಿ ಅಲುಗುತ್ತಿತ್ತು. ಏನೋ ಮಾತನ್ನು ಒಳಗೇ ಹದ ಮಾಡಿಕೊಳ್ಳುತ್ತಿದ್ದಾಳೆಂದು ಗೊತ್ತಾಯಿತು. ಒಳ್ಳೆಯ ಮಾತಾಗಿರಲಿಕ್ಕಿಲ್ಲ ಎಂದೂ ಗೊತ್ತಾಯಿತು.

ಅಗಸಿಯ ಕಲ್ಲುಗಳನ್ನು ಯಾರೋ ಒಯ್ದಿದ್ದರು. ಒಳಗೆ ಓಣಿ ಎನ್ನುವುದೇ ಇರಲಿಲ್ಲ. ಕೆಡವಿದ ಗೋಡೆಗಳ ಮಣ್ಣು ಹರಡಿ ಊರು ಬಟಾಬಯಲಾಗಿತ್ತು. ನಮ್ಮ ಉದ್ದ ಮೂತಿಯ ಗಾಡಿ ಆ ದಿಬ್ಬಗಳನ್ನು ಏರಿಳಿಯುತ್ತಾ, ಯಾರದೋ ಅಡುಗೆಮನೆ, ಯಾರದೋ ದನದ ಕೊಟ್ಟಿಗೆ ಇದ್ದ ಜಾಗದ ಮೇಲಿಂದ ಹಾದು, ನೇರ ಶಿದ್ರಾಮಪ್ಪನ ಮನೆಯ ಮುಂದೆ ನಿಂತಿತು. ಆಡಿದ ಮಾತು ಉಳಿಯಿತು.

ನಾಲ್ಕು ಗೋಡೆ ಇನ್ನೂ ನಿಂತಿದ್ದವು. ಚಾವಣಿ ಇರಲಿಲ್ಲ, ಬಾಗಿಲು ಕಿಟಕಿ ಕಿತ್ತ ಕಡೆ ಬರೀ ತೂತು. ಮರೆವ್ವ ಒಳಗಿನಿಂದ ಬಂದಳು. ಬತ್ತಿದ ಮೈಯ, ಅರ್ಧ ನೆರೆತ ಕೂದಲಿನ ಹೆಂಗಸು. ಕೈಯಲ್ಲಿ ತಂಬಿಗೆ ಇತ್ತು. ನಾನು ಕುರ್ಚಿ ತಿರುಗಿಸಿದೆ. ಅತ್ತೆ ಅದರಲ್ಲೇ ಕುಂತು, ಮನೆಯನ್ನು ಮೇಲಿಂದ ಕೆಳಗೆ ನೋಡಿ, ದಾರಿಯುದ್ದಕ್ಕೂ ಹದ ಮಾಡಿದ ಮಾತನ್ನು ಬಿಟ್ಟಳು.

"ಮರೆವ್ವಾ, ನನ್ನ ಗಾಡಿಗೆ ಎರಡರೆ ಬಾಗಲಾ ಅದಾವು. ನಿನ್ನ ಮನಿಗೆ ಒಂದೂ ಇಲ್ಲಲ್ಲ?"

ಯಾರೂ ನಗಲಿಲ್ಲ. ಮರೆವ್ವ ತಂಬಿಗೆಯನ್ನು ಹಾಗೇ ಹಿಡಿದುಕೊಂಡು, "ಹೌದ್ರಿ ಯಕ್ಕಾ, ನಿನ್ನೆ ಬಿಚ್ಚಿದ್ರು" ಅಂದಳು. ನನಗೆ ಅತ್ತೆಯ ಮೇಲೆ ಎಂಥ ಸಿಟ್ಟು ಬಂತೆಂದರೆ, ಗಾಡಿ ತಿರುಗಿಸಿ ಬಿಡಲೇ ಅನ್ನಿಸಿತು. ಆ ಸಿಟ್ಟು ಹೆಚ್ಚು ಹೊತ್ತು ಉಳಿಯಲಿಲ್ಲ, ಏಕೆಂದರೆ ಆ ಮಾತು ಆಡಿದವಳನ್ನೇ ಚುಚ್ಚಿತ್ತು. ಅತ್ತೆಯ ಮುಖ ಬಾಡಿಹೋಗಿತ್ತು.

ಕಾಲಿಗೆ ನೀರು ಹಾಕಿಸಿಕೊಂಡು, ಕೋಲೂರಿ, ನನ್ನ ಭುಜ ಹಿಡಿದು ಒಳಗೆ ಹೋದಳು. ಹೊಸ್ತಿಲು ಇದ್ದ ಜಾಗದಲ್ಲಿ ನಿಂತು ನೆಲ ಮುಟ್ಟಲು ನೋಡಿದಳು, ಬಗ್ಗಲಾಗಲಿಲ್ಲ. ನಾನು ಮುಟ್ಟಿ ಅವಳ ಕಣ್ಣಿಗೆ ಒತ್ತಿದೆ. ದೇವರ ಮಾಡ ಬರಿದಾಗಿತ್ತು. ಪಡಸಾಲೆಯಲ್ಲಿ ಮಗ್ಗ ಕಿತ್ತಿದ್ದರು, ನೇಯುವವರು ಕಾಲಿಳಿಬಿಟ್ಟು ಕೂರುವ ಕುಣಿ ಮಾತ್ರ ಉಳಿದಿತ್ತು. ಅದನ್ನು ಹೊತ್ತೊಯ್ಯುವುದು ಹೇಗೆ? ಮಗ ಕಾಮಣ್ಣ ಮಗ್ಗ, ಪಾತ್ರೆ ಹೇರಿಕೊಂಡು ಆಗಲೇ ಪುನರ್ವಸತಿ ಊರಿಗೆ ಹೋಗಿದ್ದಾನೆಂದು ಶಿದ್ರಾಮಪ್ಪ ಹೇಳಿದ. ಇನ್ನು ಹೊರಡಬೇಕಾದವರು ಇವರಿಬ್ಬರೇ.

ಅತ್ತೆಗೆ ನೆಲದ ಮೇಲೆ ಮಣೆ ಹಾಕಿ ಕೂರಲು ಆಗುವಂತಿರಲಿಲ್ಲ. ಗಾಡಿಯ ಕುರ್ಚಿಯಲ್ಲೇ, ಮನೆಯ ಕಡೆ ಮುಖ ಮಾಡಿ ಕೂರಿಸಿದೆವು. ಮಾವನವರು ಹಿಂದಿನಿಂದ ಇಳಿದು, ಶಾಲಿನಿಂದ ಸೀಟಿನ ದೂಳು ಒರೆಸಿ ದೂರ ನಿಂತರು. ಮರೆವ್ವ ಮೊರ ತಂದಳು. ಅಕ್ಕಿಯನ್ನು ಒಂದು ಕಲ್ಲೂ ಇಲ್ಲದ ಹಾಗೆ ಹಸನು ಮಾಡಿಟ್ಟಿದ್ದಳು. ಕೊಬ್ಬರಿ, ಉತ್ತತ್ತಿ, ಗುಳೇದಗುಡ್ಡದ ಖಣ, ಬಿಚ್ಚಿದ ಮನೆಯ ಯಾವ ಮೂಲೆಯಲ್ಲಿ ಜೋಪಾನ ಮಾಡಿದ್ದಳೋ, ಎಲ್ಲ ಇತ್ತು. ಹಣೆಗೆ ಕುಂಕುಮ ಹಚ್ಚುತ್ತಾ, ತಲೆ ಎತ್ತದೆ ಹೇಳಿದಳು.

"ಯಕ್ಕಾ, ಅವತ್ತ ನಾ ಹೊಟ್ಟಿಕಿಚ್ಚಿಗೆ ಅಂದಿದ್ದೆ. ಈ ಕುರ್ಚಿ ನಿಮ್ಮನ್ನ ಹೊತಗೊಂಡ ತಿರಗಿದ್ದ ಕಂಡು ನನಗ ತಡಕೊಳ್ಳಾಕ ಆಗಲಿಲ್ಲ. ನಾ ಈ ಮನಿಗೆ ಬರೂವಾಗ ಚಕ್ಕಡಿ ಹಿಂದ ನಡಕೋತ ಬಂದಿದ್ದೆ."

ಅತ್ತೆ ಸೆರಗು ಹರಡಿ ಕುಂತಿದ್ದಳು. ಮರೆವ್ವ ಎರಡೂ ಕೈ ತುಂಬ ಅಕ್ಕಿ ತೆಗೆದು ಮುಂದಕ್ಕೆ ಚಾಚಿದಳು. ಆಗ ಅತ್ತೆ ಸೆರಗಿನ ಮೇಲೆ ಅಂಗೈ ಅಡ್ಡ ಹಿಡಿದಳು.

"ತಡಿ. ನಿನ್ನ ಉಡಿ ಯಾರ ತುಂಬಿದ್ರು?"

"ನನಗ ಯಾರ ತುಂಬತಾರ್ರಿ?" ಮರೆವ್ವ ಅಕ್ಕಿ ಹಿಡಿದ ಕೈ ಹಾಗೇ ಇಟ್ಟುಕೊಂಡು ಅಂದಳು. "ನನ್ನ ತವರೂರ ಹ್ವಾದ ವರ್ಷನ ನೀರಾಗ ಹೋತು. ಅಣ್ಣಗೋಳು ದಿಕ್ಕಿಗೊಬ್ರು ಆದ್ರು."

ಅತ್ತೆ ಆ ತೂತುಬಿದ್ದ ಮನೆಯನ್ನು ನೋಡಿದಳು. ಆಮೇಲೆ ಕೋಲಿಗೆ ಕೈ ಚಾಚಿದಳು. "ಮಂಗಲಾ, ನನ್ನ ಎಬ್ಬಸು."

"ಬ್ಯಾಡ್ರಿ ಯಕ್ಕಾ, ಕುಂಡ್ರಿರಿ. ಯಾಕ ಸಿಟ್ಟಾದ್ರಿ?"

"ಸಿಟ್ಟಿಲ್ಲ ಏನಿಲ್ಲ. ನೀ ಕುಂಡ್ರ ಇಲ್ಲಿ."

"ನಿಮಗಂತ ಹಸನ ಮಾಡಿಟ್ಟೇನ್ರಿ. ಇಪ್ಪತ್ತ ವರ್ಷದ ಮ್ಯಾಲೆ ಬಂದೀರಿ..."

"ಲೇ ಮರೆವ್ವಾ, ನಾ ಈ ಮನಿ ಬಿಟ್ಟ ಹೋಗಿ ನಲವತ್ತ ವರ್ಷ ಆತು. ಇವತ್ತ ಬಿಟ್ಟ ಹೊಂಟಾಕಿ ನಾ ಅಲ್ಲ, ನೀ. ಬಿಟ್ಟ ಹೊಂಟಾಕಿಗೆ ಉಡಿ ತುಂಬತಾರ. ಈ ಮನಿ ಮಗಳು ನಾ ಇನ್ನಾ ಅದೇನಿ, ನಾ ತುಂಬತೇನಿ. ಕುಂಡ್ರ ಅಂದ್ರ ಕುಂಡ್ರು."

ಅತ್ತೆಯ ಆ ದನಿಗೆ ಎದುರಾಡಿದವರನ್ನು ನಾನು ನೋಡಿಲ್ಲ. ಮರೆವ್ವ ಕೆಂಪು ಸೀಟಿನ ಅಂಚಿಗೆ, ಮೈಲಿಗೆಯಾದೀತೇನೋ ಎಂಬಂತೆ ಕುಂತಳು. ಅತ್ತೆ ಬಾಗಿಲಿಗೆ ಸೊಂಟ ಆನಿಸಿ ನಿಂತಳು. ನಾನು ಮೊರ ಹಿಡಿದೆ. ಅತ್ತೆ ಒಂದು ಕೈಯಲ್ಲಿ ಗಾಡಿ ಹಿಡಿದು, ಇನ್ನೊಂದು ಕೈಯಲ್ಲಿ ಹಿಡಿ ಹಿಡಿ ಅಕ್ಕಿ ಹಾಕಿದಳು. ಕೊಬ್ಬರಿ ಇಟ್ಟಳು, ಉತ್ತತ್ತಿ ಇಟ್ಟಳು, ಖಣ ಮಡಚಿ ಮೇಲಿಟ್ಟಳು. ನೋವಿಗೆ ಅವಳ ಕಾಲು ನಡುಗುತ್ತಿತ್ತು. ಹುಟ್ಟಿದ ಮನೆಯಲ್ಲಿ ಉಡಿ ತುಂಬಿಸಿಕೊಳ್ಳುವ ಕೊನೆಯ ಅವಕಾಶ ಅದು, ಅದನ್ನು ಅವಳು ತನ್ನ ಕೈಯಾರೆ ಮರೆವ್ವನ ಮಡಿಲಿಗೆ ಸುರಿದಳು. ಶಿದ್ರಾಮಪ್ಪ ಗೋಡೆಯ ಕಡೆ ತಿರುಗಿ ನಿಂತುಬಿಟ್ಟ.

ಮಾವನವರು ಮಾತ್ರ ನೆಟ್ಟ ಕಣ್ಣಿನಿಂದ ನೋಡುತ್ತಿದ್ದರು. "ಇದರ ಸಲುವಾಗಿನ ತಂದದ್ದು ನಾ, ಈ ಗಾಡಿ" ಎಂದರು, ತಮಗೆ ತಾವೇ ಹೇಳಿಕೊಂಡಂತೆ.

"ಇಕಿನ ಕರಕೊಂಡ ಹೋಗು ಮಂಗಲಾ," ಅತ್ತೆ ನನಗೆ ಹೇಳಿದಳು. "ಹೊಸಾ ಊರಾಗ ದೇವರ ಮುಂದ ಉಡಿ ಬಿಚ್ಚಿಸಿ ಬಾ. ಅಲ್ಲೀಮಟಾ ನಾ ನನ್ನ ತಮ್ಮನ ಕೂಡ ಇಲ್ಲೇ ಕುಂಡ್ರತೇನಿ. ಸಾವಕಾಶ ಹೊಡಿ, ಒಂದ ಕಾಳ ಚಲ್ಲಬಾರದು."

ಕುರ್ಚಿಯನ್ನು ಒಳಕ್ಕೆ ತಿರುಗಿಸಿದವಳೂ ಅವಳೇ. ತಿರುಗಣಿ ಸದ್ದಿಲ್ಲದೆ ಹೊರಳಿ ತನ್ನ ಜಾಗದಲ್ಲಿ ಕುಂತಿತು.

ನಾನು ನಡೆದುಹೋಗುವವರಿಗಿಂತ ಮೆಲ್ಲಗೆ ಓಡಿಸಿದೆ. ಮರೆವ್ವ ಉಡಿಯನ್ನು ಎರಡೂ ಕೈಯಲ್ಲಿ ಅವಚಿಕೊಂಡು ಮುಂದೆಯೇ ನೋಡುತ್ತಿದ್ದಳು. ನಾನೂ ಒಬ್ಬರ ಮನೆಯ ಸೊಸೆ. ಇಪ್ಪತ್ತು ವರ್ಷ ದೀಪ ಹಚ್ಚಿದ ಮನೆಯನ್ನು ಅವಳು ಬಿಟ್ಟು ಬರುತ್ತಿದ್ದಳು. ಊರ ಹೊರಗಿನ ಏರು ಹತ್ತಿ ರಸ್ತೆ ಬಲಕ್ಕೆ ಹೊರಳಿದಾಗ ಅವಳು ಕೇಳಿದಳು.

"ತಂಗೀ, ಈ ಕುರ್ಚಿ ಮನಿ ಕಡೆ ತಿರಗತೈತೇನ?"

ಗಾಡಿ ನಿಲ್ಲಿಸಿದೆ. ಸುತ್ತಿ ಬಂದು ಅವಳ ಬಾಗಿಲು ತೆರೆದು, ಹಿಡಿಕೆ ಎತ್ತಿ, ಕುರ್ಚಿಯನ್ನು ಹೊರಕ್ಕೆ ತಿರುಗಿಸಿದೆ. ಕೆಳಗೆ ಊರು ಕಾಣುತ್ತಿತ್ತು, ಅದರಾಚೆ ಹೊಳೆ. ಅಷ್ಟು ಮಣ್ಣಿನ ದಿಬ್ಬಗಳ ನಡುವೆ ಅವಳ ಮನೆಯ ನಾಲ್ಕು ಗೋಡೆ, ಅದರ ಕಟ್ಟೆಯ ಮೇಲೆ ಅಕ್ಕ ತಮ್ಮ ಇಬ್ಬರೂ ಕುಂತಿದ್ದರು, ಮಾವನವರು ಪಕ್ಕದಲ್ಲಿ ನಿಂತಿದ್ದರು. ಹಸಿರು ಸೀರೆ ಅಷ್ಟು ದೂರಕ್ಕೂ ಎದ್ದು ಕಾಣುತ್ತಿತ್ತು. ಮರೆವ್ವನ ಎರಡೂ ಕೈ ಉಡಿಯ ಮೇಲಿದ್ದವು, ಕಣ್ಣೊರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ನಾನು ನನ್ನ ಸೆರಗಿನಿಂದ ಒರೆಸಿದೆ. ಅವಳು ಕಣ್ತುಂಬ ನೋಡಿದಳು, ನಾನು ಅವಸರ ಮಾಡಲಿಲ್ಲ.

"ಆತು ತಂಗಿ," ಅಂದಳು. "ತಿರಗಸು."